ಒಂದೇ ಸಲಕ್ಕೆ ಐದು ಮಕ್ಕಳ ಪುಸ್ತಕ ಕೈಯಲ್ಲಿವೆ, ಹೇಗೆ ನಿಭಾಯಿಸಲಿ?

ಕೆರೆ ದಂಡೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಮಕ್ಕಳಿಗೆ ಬರೆಯುತ್ತೇನೆ, ನಾನೇ ಅಚ್ಚು ಹಾಕಿಸುತ್ತೇನೆ, ನಾನೇ ಮಾರುತ್ತೇನೆ. ಆರು ವರ್ಷದಲ್ಲಿ ಮೂರು ಪುಸ್ತಕ ಬಂದಿವೆ. ಈಗ ಐದು ಕೆಲಸ ಒಟ್ಟಿಗೆ ಕೈಯಲ್ಲಿವೆ, ಯಾವುದೂ ಮುಗಿಯುತ್ತಿಲ್ಲ.

ಮೊದಲನೆಯದು ಕೊಂಡುಕುರಿ ಅನ್ನುವ ಜಿಂಕೆಯಂಥ ಕಾಡುಪ್ರಾಣಿಯ ಮರಿಯ ಕಥೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡಿನಲ್ಲಿ ನಡೆಯುತ್ತದೆ. 24 ಪುಟ, ಚಿತ್ರ ಬರೆಯುವವರ ಹತ್ತಿರ ಇದೆ. ಎರಡನೆಯದು ಸ್ವಲ್ಪ ದೊಡ್ಡ ಮಕ್ಕಳಿಗೆ. ಹಿರಿಯೂರಿನ ವಾಣಿ ವಿಲಾಸ ಸಾಗರ ಅಣೆಕಟ್ಟು ತುಂಬಿ ಕೋಡಿ ಬಿದ್ದ ವರ್ಷದ ಕಥೆ. ಐದು ಅಧ್ಯಾಯ ಆಗಿದೆ, ಆರನೆಯದರಲ್ಲಿ ನಿಂತುಬಿಟ್ಟಿದೆ. ಮೂರನೆಯದು ನಮ್ಮೂರ ಮಂಡಕ್ಕಿ ಭಟ್ಟಿಯ ಬಗ್ಗೆ, ಇನ್ನೂ ಟಿಪ್ಪಣಿಯಲ್ಲೇ ಇದೆ. ನಾಲ್ಕನೆಯದು ಶಿಶುಪದ್ಯ. 30 ಬೇಕು, 19 ಆಗಿವೆ. ಐದನೆಯದು ನನ್ನ ಮೊದಲ ಪುಸ್ತಕದ ಮರುಮುದ್ರಣ. ಸುಲಭ ಅಂದುಕೊಂಡಿದ್ದೆ, ಅದೇ ಜಾಸ್ತಿ ಕಾಡುತ್ತಿದೆ.

ಹೋದ ವರ್ಷ ಹೀಗೇ ಎರಡು ಮೂರು ಕೆಲಸ ಒಟ್ಟಿಗೆ ಹಿಡಿದು ಒಂದು ದೊಡ್ಡ ತಪ್ಪು ಮಾಡಿದೆ. ಆಡಿನ ಮರಿಯ ಕಥೆ ಅದು. ಮರಿಗೆ ಮೊದಲು ಚುಕ್ಕಿ ಅಂತ ಹೆಸರಿಟ್ಟಿದ್ದೆ, ಆಮೇಲೆ ಬೆಳ್ಳಿ ಅಂತ ಬದಲಾಯಿಸಿದೆ. ಪ್ರೆಸ್‌ಗೆ ಕಳಿಸುವಾಗ ಹಳೇ ಫೈಲಿನ ಎರಡು ಪುಟ ಸೇರಿಕೊಂಡವು. 500 ಪ್ರತಿ ಅಚ್ಚಾಗಿ ಬಂದಮೇಲೆ ಎರಡನೇ ಕ್ಲಾಸಿನಲ್ಲಿರುವ ಅಕ್ಕನ ಮಗಳು ಓದುತ್ತಾ ನಿಲ್ಲಿಸಿದಳು. "ಚಿಕ್ಕಮ್ಮ, ಬೆಳ್ಳಿ ಎಲ್ಲಿ ಹೋದಳು? ಈ ಚುಕ್ಕಿ ಯಾರು?" ಅಂದಳು. ಎರಡು ರಾತ್ರಿ ಕೂತು 500 ಪ್ರತಿಗೂ ಹೆಸರಿನ ಚೀಟಿ ಅಂಟಿಸಿದೆ. ಈಗಲೂ ಯಾರಾದರೂ ಆ ಪುಸ್ತಕ ತೆರೆದರೆ ನನ್ನ ಕಣ್ಣು ಮೊದಲು ಹೋಗುವುದು ಆ ಚೀಟಿಗೇ.

ನೀವೆಲ್ಲ ಹೇಗೆ ಮಾಡುತ್ತೀರಿ? ದಿನಕ್ಕೊಂದು ಪುಸ್ತಕ ಅಂತ ಹಂಚಿಕೊಳ್ಳುತ್ತೀರಾ? ನಾನು ಹಾಗೂ ನೋಡಿದೆ. ಸೋಮವಾರ ಬಿಟ್ಟ ಕಥೆಗೆ ಮುಂದಿನ ಸೋಮವಾರ ವಾಪಸ್ ಬಂದರೆ ಕಥೆಯೊಳಗಿನ ಹುಡುಗ ನನ್ನ ಜೊತೆ ಮಾತೇ ಆಡುವುದಿಲ್ಲ.

ಬಣ್ಣದ ಡಬ್ಬಿ, ಚಿತ್ರದುರ್ಗ

ಅಕ್ಕ, ನಾನು ಚಿತ್ರ ಬರೆಯುವವಳು. ಆ ಕಡೆಯಿಂದ ಹೇಳುತ್ತೇನೆ.

24 ಪುಟದ ಪುಸ್ತಕಕ್ಕೆ ನನಗೆ ಮೂರು ನಾಲ್ಕು ತಿಂಗಳು ಹಿಡಿಯುತ್ತದೆ. ಮೊದಲು ಬೆಂಕಿಪೊಟ್ಟಣದಷ್ಟು ಸಣ್ಣ ಸಣ್ಣ ಗೀಟು ಚಿತ್ರ, ಆಮೇಲೆ ಪೆನ್ಸಿಲ್, ಆಮೇಲೆ ಬಣ್ಣ. ಬರೆದವರು ಬೇರೆ ಪುಸ್ತಕದಲ್ಲಿ ಮುಳುಗಿರುತ್ತಾರೆ. ನಾವು ಕಳಿಸಿದ ಪೆನ್ಸಿಲ್ ಚಿತ್ರವನ್ನು ಮೊಬೈಲಿನಲ್ಲಿ ನೋಡಿ "ಚೆನ್ನಾಗಿದೆ" ಅಂದುಬಿಡುತ್ತಾರೆ. ಪೆಟ್ಟು ಬೀಳುವುದು ಅಲ್ಲೇ. ಪೆನ್ಸಿಲ್ ಗೆರೆ ಅಳಿಸಲು ಒಂದು ನಿಮಿಷ ಸಾಕು. ಬಣ್ಣ ಆದಮೇಲೆ ಇಡೀ ಹಾಳೆ ಮತ್ತೆ ಬರೆಯಬೇಕು.

ನಿಮ್ಮ ಕೊಂಡುಕುರಿ ಕಥೆಯಲ್ಲಿ ತಾಯಿ ಇದ್ದಾಳಾ? ಇದ್ದರೆ ಅವಳ ತಲೆ ಒಮ್ಮೆ ನೋಡಿ. ಕೊಂಡುಕುರಿಗೆ ನಾಲ್ಕು ಕೊಂಬು ಇರುವುದು ನಿಜ, ಆದರೆ ಗಂಡಿಗೆ ಮಾತ್ರ. ಹೆಣ್ಣಿಗೆ ಕೊಂಬೇ ಇಲ್ಲ. ಗಂಡಿಗೂ ಮುಂದಿನ ಜೋಡಿ ಗಿಡ್ಡ, ಹಿಂದಿನದು ಉದ್ದ. ಎಷ್ಟೋ ಜನ ನಾಲ್ಕನ್ನೂ ಒಂದೇ ಅಳತೆಗೆ ಬರೆಯುತ್ತಾರೆ.

ಇನ್ನೊಂದು ವಿಷಯ. ಚಿತ್ರದ ಹಕ್ಕು ಯಾರಿಗೆ, ಎಷ್ಟು ವರ್ಷಕ್ಕೆ ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಹಕ್ಕು ಬಿಟ್ಟುಕೊಡುವುದು ಬರಹದಲ್ಲೇ ಇರಬೇಕು. ಎಷ್ಟು ವರ್ಷ ಅಂತ ಬರೆಯದಿದ್ದರೆ 5 ವರ್ಷ ಅಂತ ಲೆಕ್ಕ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ ಅದು ಬಿದ್ದೇ ಹೋಗುತ್ತದೆ, ಒಪ್ಪಂದದಲ್ಲಿ ಬೇರೆ ಥರ ಬರೆದುಕೊಂಡಿದ್ದರೆ ಬೇರೆ ಮಾತು. ಐದು ಪುಸ್ತಕ ಒಟ್ಟಿಗೆ ಎಳೆಯುವವರಿಗೆ ಒಂದು ವರ್ಷ ಹೋಗುವುದು ಗೊತ್ತೇ ಆಗುವುದಿಲ್ಲ, ಅಲ್ವಾ?

ಕೆರೆ ದಂಡೆ, ದಾವಣಗೆರೆ

ಈಗಷ್ಟೇ ಫೈಲ್ ತೆಗೆದು ನೋಡಿದೆ. ಏಳು ಪುಟದಲ್ಲಿ ತಾಯಿ ಇದ್ದಾಳೆ. ಏಳರಲ್ಲೂ ನಾಲ್ಕು ಕೊಂಬು.

ಹದಿನೈದು ದಿನದ ಹಿಂದೆ ನಾನೇ ಇದಕ್ಕೆ ಸರಿ ಅಂದಿದ್ದೆ. ಆ ದಿನ ಮರುಮುದ್ರಣದ ಪ್ರೂಫ್ ತಿದ್ದುತ್ತಾ ಕೂತಿದ್ದೆ. ಊಟದ ಹೊತ್ತಿಗೆ ಚಿತ್ರಗಳು ಬಂದವು, ತಟ್ಟೆ ಮುಂದೆ ಇಟ್ಟುಕೊಂಡೇ ನೋಡಿದೆ. ಚಿತ್ರ ಬರೆಯುವ ಹುಡುಗನಿಗೆ ಫೋನ್ ಮಾಡಿದೆ. ಎರಡು ಪುಟಕ್ಕೆ ಬಣ್ಣ ಆಗಿದೆ, ಉಳಿದದ್ದು ಪೆನ್ಸಿಲ್‌ನಲ್ಲೇ ಇದೆ. ತಪ್ಪು ಅವನದಲ್ಲ. ನಾನು ಕೊಟ್ಟ ಬರಹದಲ್ಲೇ "ನಾಲ್ಕು ಕೊಂಬಿನ ಅಮ್ಮ" ಅಂತಿದೆ. ಆ ಎರಡು ಹಾಳೆಗೆ ಮತ್ತೆ ದುಡ್ಡು ಕೊಡುತ್ತೇನೆ ಅಂದೆ.

ನೀವು ಕೇಳದೇ ಇದ್ದಿದ್ದರೆ ಹಾಗೇ ಅಚ್ಚಿಗೆ ಹೋಗುತ್ತಿತ್ತು. ತುಂಬಾ ಉಪಕಾರ ಆಯಿತು.

ಅಚ್ಚುಮೊಳೆ, ದಾವಣಗೆರೆ

ಮೇಡಂ, ನಾನು ಪ್ರೆಸ್‌ನಲ್ಲಿ ಪುಟ ಕಟ್ಟುವವನು. ಮೊಳೆ ಜೋಡಿಸುವ ಕಾಲದಿಂದ ಇದೇ ಕೆಲಸ.

ನಿಮ್ಮ ಚುಕ್ಕಿ ಬೆಳ್ಳಿ ಕಥೆ ನಮ್ಮಲ್ಲಿ ವಾರಕ್ಕೊಮ್ಮೆ ನಡೆಯುತ್ತದೆ. ಜನ ಫೈಲಿಗೆ ಫೈನಲ್ ಅಂತ ಹೆಸರಿಡುತ್ತಾರೆ. ಮಾರನೇ ದಿನ ಇನ್ನೊಂದು ಫೈನಲ್ ಬರುತ್ತದೆ. ದಯವಿಟ್ಟು ಆ ಪದ ಬಿಡಿ. ಪುಸ್ತಕದ ಹೆಸರು, ವರ್ಷ, ತಿಂಗಳು, ದಿನ, ಇಷ್ಟೇ ಇಡಿ. ಹಳೆಯದನ್ನು ಅಳಿಸಬೇಡಿ, ಆದರೆ ಬೇರೆ ಫೋಲ್ಡರಿಗೆ ಹಾಕಿ. ಪ್ರೆಸ್‌ಗೆ ಕಳಿಸುವ ಫೋಲ್ಡರಿನಲ್ಲಿ ಒಂದೇ ಫೈಲ್ ಇರಲಿ. ಬಿಡಿ ಪುಟ ಕಳಿಸಬೇಡಿ. ಒಂದು ಅಕ್ಷರ ತಿದ್ದಿದರೂ ಇಡೀ ಪುಸ್ತಕದ ಪಿಡಿಎಫ್ ಕಳಿಸಿ. ನಿಮ್ಮ ಎರಡು ಪುಟ ಬಹುಶಃ ಹೀಗೇ ಸೇರಿಕೊಂಡಿರುತ್ತವೆ.

ಮರುಮುದ್ರಣ ಯಾಕೆ ಕಾಡುತ್ತಿದೆ ಅಂತ ಊಹಿಸಬಲ್ಲೆ. ಹಳೆಯದು ನುಡಿ ತಂತ್ರಾಂಶದಲ್ಲಿ ಟೈಪ್ ಆಗಿದ್ದು, ಈಗ ಯುನಿಕೋಡ್‌ಗೆ ಬದಲಾಯಿಸಿದ್ದೀರಿ, ಹೌದಾ? ಬದಲಾಯಿಸುವಾಗ ಅರ್ಕಾವೊತ್ತು ಜಾಗ ತಪ್ಪುತ್ತದೆ. ಒತ್ತಕ್ಷರ ಕಳಚಿಕೊಳ್ಳುತ್ತದೆ. ಅನುಸ್ವಾರ ಇರಬೇಕಾದ ಕಡೆ ಕನ್ನಡದ ಸೊನ್ನೆ ಅಂಕಿ ಕೂತಿರುತ್ತದೆ, ಎರಡೂ ನೋಡಲು ಒಂದೇ ಥರ. ಇದನ್ನು ಓದಿ ಹಿಡಿಯಲು ಆಗುವುದಿಲ್ಲ, ಯಾಕೆಂದರೆ ಅರ್ಥ ಗೊತ್ತಿರುವ ಕಣ್ಣು ತಪ್ಪನ್ನು ದಾಟಿ ಹೋಗುತ್ತದೆ. ಕೊನೇ ಪುಟದಿಂದ ಮೊದಲ ಪುಟಕ್ಕೆ, ಒಂದೊಂದೇ ಪದ ಹಿಂದಿನಿಂದ ನೋಡಿಕೊಂಡು ಬನ್ನಿ. ಮಕ್ಕಳ ಪುಸ್ತಕದಲ್ಲಿ ಪದ ಕಡಿಮೆ, ಒಂದು ಮಧ್ಯಾಹ್ನದ ಕೆಲಸ.

ಐದು ಪುಸ್ತಕ ಇರುವುದರಿಂದ ಒಂದು ಲಾಭವೂ ಇದೆ. ಎರಡು ಪುಸ್ತಕಕ್ಕೆ ಒಂದೇ ಅಳತೆ, ಒಂದೇ ದಪ್ಪದ ಕಾಗದ ಇಟ್ಟರೆ ಎರಡರ ಮುಖಪುಟವನ್ನೂ ಒಂದೇ ಶೀಟಿನಲ್ಲಿ ಕೂರಿಸಬಹುದು. ಪ್ಲೇಟಿನ ಖರ್ಚು ಉಳಿಯುತ್ತದೆ. ಪುಟ ಲೆಕ್ಕ ಮಾತ್ರ ಮೊದಲೇ ಗಟ್ಟಿ ಮಾಡಿಕೊಳ್ಳಿ. ನಡುವೆ ಪಿನ್ ಹೊಡೆಯುವ ಪುಸ್ತಕ ಅಂದರೆ 4ರ ಲೆಕ್ಕದಲ್ಲೇ ಪುಟ ಇರಬೇಕು. 26 ಪುಟ ತಂದು "ಹೇಗಾದರೂ ಮಾಡಿ" ಅಂದರೆ ನಾವು ಎರಡು ಖಾಲಿ ಪುಟ ಸೇರಿಸಬೇಕಾಗುತ್ತದೆ.

ಇನ್ನು ಯಾವಾಗ ಬರಬೇಕು ಅಂತ ಕೇಳಿ. ಏಪ್ರಿಲ್, ಮೇ ಪೂರ್ತಿ ಮದುವೆ ಪತ್ರಿಕೆ. ಅಕ್ಟೋಬರ್ ದಾಟಿದರೆ ಕ್ಯಾಲೆಂಡರ್, ಡೈರಿ. ಆಷಾಢದಲ್ಲಿ ಬನ್ನಿ. ಮದುವೆ ಇರುವುದಿಲ್ಲ, ಪ್ರೆಸ್ ಬಿಡುವಾಗಿರುತ್ತದೆ. ಬಣ್ಣ ನೋಡಿಕೊಳ್ಳಲು ಮಿಷನ್ ಪಕ್ಕ ನಿಲ್ಲುತ್ತೇನೆ ಅಂದರೂ ಯಾರೂ ಬೇಡ ಅನ್ನುವುದಿಲ್ಲ.

ಒಂಟಿ ಎತ್ತು, ಹೊಸದುರ್ಗ

ನನ್ನದು ಬೇರೆ ಅಭಿಪ್ರಾಯ. ಫೈಲಿಗೆ ಯಾವ ಹೆಸರಿಟ್ಟರೂ ಐದು ಪುಸ್ತಕ ಒಬ್ಬರ ತಲೆಯಲ್ಲಿ ಹಿಡಿಸುವುದಿಲ್ಲ. ನಾನು ಎರಡು ವರ್ಷಕ್ಕೆ ಒಂದು ಪುಸ್ತಕ ಮಾಡುತ್ತೇನೆ. ಅದು ಮುಗಿಯುವ ತನಕ ಇನ್ನೊಂದರ ಹೆಸರೂ ಎತ್ತುವುದಿಲ್ಲ. ಮಕ್ಕಳ ಪುಸ್ತಕ ಸಣ್ಣದು ಅಂತ ನಾವೇ ಹಗುರ ಮಾಡಿಕೊಂಡಿದ್ದೇವೆ. 24 ಪುಟದಲ್ಲಿ 300 ಪದ ಇದ್ದರೆ ಪ್ರತಿ ಪದವೂ ಭಾರ ಹೊರಬೇಕು. ದೊಡ್ಡವರ ಕಾದಂಬರಿಯಲ್ಲಿ ಒಂದು ಪುಟ ಸಪ್ಪೆ ಆದರೆ ನಡೆಯುತ್ತದೆ. ಇಲ್ಲಿ ಒಂದು ಪುಟ ಸಪ್ಪೆ ಆದರೆ ಮಗು ಎದ್ದು ಹೋಗುತ್ತದೆ.

ಮಂಡಕ್ಕಿ, ಪದ್ಯ ಎರಡನ್ನೂ ಕಟ್ಟಿ ಇಟ್ಟುಬಿಡಿ ಅಂತ ನನ್ನ ಸಲಹೆ.

ಕೆರೆ ದಂಡೆ, ದಾವಣಗೆರೆ

ಅಣ್ಣ, ನೀವು ಹೇಳುವುದು ಮನಸ್ಸಿಗೆ ನಾಟಿತು. ಆದರೆ ನನಗೆ ಒಂದೇ ಪುಸ್ತಕ ಅಂದರೆ ನಡೆಯುವುದಿಲ್ಲ. ಚಿತ್ರಕ್ಕೆ ನಾಲ್ಕು ತಿಂಗಳು ಕಾಯಬೇಕು. ಆ ನಾಲ್ಕು ತಿಂಗಳು ಸುಮ್ನೆ ಕೂರಲು ಆಗುವುದಿಲ್ಲ. ಪುಸ್ತಕ ಮಾರಿ ಬಂದ ದುಡ್ಡೇ ಮುಂದಿನ ಪುಸ್ತಕದ ಕಾಗದಕ್ಕೆ ಹೋಗಬೇಕು. ಮೇಳಕ್ಕೆ, ಶಾಲೆಗೆ ಹೋದಾಗ ಮೇಜಿನ ಮೇಲೆ ಒಂದೇ ಪುಸ್ತಕ ಇದ್ದರೆ ಜನ ಎತ್ತಿ ನೋಡಿ ಇಟ್ಟು ಹೋಗುತ್ತಾರೆ. ನಾಲ್ಕು ಇದ್ದರೆ ಮಗು ತಾನೇ ಒಂದನ್ನು ಆರಿಸಿಕೊಳ್ಳುತ್ತದೆ.

ವೇದಾವತಿ ತೀರ, ಹಿರಿಯೂರು

ತಂಗಿ, ನಾನು ಮಕ್ಕಳಿಗೆ ಬರೆಯಲು ಶುರು ಮಾಡಿ ಮೂವತ್ತು ವರ್ಷ ದಾಟಿತು. ನಿನ್ನ ಪಟ್ಟಿಯನ್ನು ಎರಡು ಸಲ ಓದಿದೆ. ಐದು ಅಂತ ಹೆದರುತ್ತಿದ್ದೀಯ, ಆದರೆ ಐದೂ ಒಂದೇ ಥರದ ಕೆಲಸ ಅಲ್ಲ.

ಕೊಂಡುಕುರಿ ಬೇರೆಯವರ ಕೈಯಲ್ಲಿದೆ. ನಿನ್ನಿಂದ ಅದಕ್ಕೆ ಬೇಕಾದದ್ದು ತಿಂಗಳಿಗೆ ಒಂದೆರಡು ದಿನ, ಆದರೆ ಪೂರ್ತಿ ದಿನ, ಊಟದ ತಟ್ಟೆ ಮುಂದೆ ಅಲ್ಲ. ಮರುಮುದ್ರಣ ಕಣ್ಣಿನ ಕೆಲಸ, ತಲೆಯದಲ್ಲ. ಪದ್ಯ ಮೇಜಿನ ಮುಂದೆ ಹುಟ್ಟುವುದಿಲ್ಲ, ನಡೆಯುವಾಗ ಹುಟ್ಟುತ್ತದೆ. ಉಳಿದದ್ದು ಎರಡು: ಸಾಗರದ ಕಥೆ, ಮಂಡಕ್ಕಿ ಕಥೆ. ಈ ಎರಡಕ್ಕೂ ಬೆಳಗ್ಗೆ ಎದ್ದ ಕೂಡಲೇ ಇರುವ ಹೊಸ ತಲೆ ಬೇಕು. ಅವೆರಡೂ ಜಗಳ ಆಡುತ್ತಿವೆ, ನಿನಗೆ ಐದೂ ಜಗಳ ಆಡಿದ ಹಾಗೆ ಕೇಳಿಸುತ್ತಿದೆ.

ಹೊಸದಾಗಿ ಬರೆಯುವುದು ಒಂದು ಹೊತ್ತಿಗೆ ಒಂದೇ ಇಟ್ಟುಕೋ. ತಿದ್ದುವುದು, ಕಾಯುವುದು ಎಷ್ಟಿದ್ದರೂ ತೊಂದರೆ ಇಲ್ಲ. ಹೊಸದುರ್ಗದವರು ಹೇಳಿದ್ದು ಅರ್ಧ ನಿಜ. ಅವರು ಬರೆಯುವುದನ್ನೂ ಅಚ್ಚು ಮಾಡುವುದನ್ನೂ ಒಂದೇ ಅಂತ ಎಣಿಸುತ್ತಿದ್ದಾರೆ.

ನಾನು ಬರೆಯುವ ಮೇಜಿನಿಂದ ಏಳುವ ಮುಂಚೆ ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಕೊನೇ ವಾಕ್ಯ ಮುಗಿಸುವುದಿಲ್ಲ. "ಅಜ್ಜ ಕೋಡಿಯ ಹತ್ತಿರ ಬಗ್ಗಿ" ಅಂತ ಬರೆದು ಎದ್ದುಬಿಡುತ್ತೇನೆ. ಮೂರು ದಿನ ಬಿಟ್ಟು ಬಂದರೂ ಅಜ್ಜ ಬಗ್ಗಿಕೊಂಡೇ ಇರುತ್ತಾನೆ, ಅವನನ್ನು ಎಬ್ಬಿಸಲೇಬೇಕು.

ಸಾಗರದ ಕಥೆ ಆರರಲ್ಲಿ ಯಾಕೆ ನಿಂತಿತು? ಆ ಅಧ್ಯಾಯದಲ್ಲಿ ಏನಿದೆ?

ಕೆರೆ ದಂಡೆ, ದಾವಣಗೆರೆ

ಅಕ್ಕ, ಐದನೇ ಅಧ್ಯಾಯದ ಕೊನೆಗೆ ನೀರು ಕೋಡಿ ಬೀಳುತ್ತದೆ. 1933ರಲ್ಲಿ ಬಿದ್ದದ್ದು, ಆಮೇಲೆ 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷದ ನಂತರ. ಊರೆಲ್ಲ ಬಂದು ನೋಡುತ್ತದೆ, ಬಾಗಿನ ಬಿಡುತ್ತಾರೆ, ಎಲ್ಲರಿಗೂ ಖುಷಿ. ಆಮೇಲೆ ಹುಡುಗನಿಗೆ ಮಾಡಲು ಏನೂ ಉಳಿದಿಲ್ಲ.

ಒಂಟಿ ಎತ್ತು, ಹೊಸದುರ್ಗ

ಎಲ್ಲರಿಗೂ ಖುಷಿ ಆಗಿರಲಿಲ್ಲ ಮೇಡಂ. ನಾನು ಆ ಕಡೆಯವನು. ಅಣೆ 130 ಅಡಿ ತುಂಬಿದಾಗ ಹಿರಿಯೂರಿಗೆ ಹಬ್ಬ, ಹಿನ್ನೀರು ನಮ್ಮ ತಾಲ್ಲೂಕಿನ ತೋಟಗಳಿಗೆ ನುಗ್ಗಿತ್ತು. ಕಾಲಿಟ್ಟರೆ ಹೂತುಹೋಗುವ ಕೆಸರು. ತೆಂಗಿನ ಮರ ನೀರಲ್ಲಿ ನಿಂತಿದ್ದವು, ಕಾಯಿ ಕೀಳಲು ಹೋಗುವ ಹಾಗಿರಲಿಲ್ಲ. ನಿಮ್ಮ ಹುಡುಗನಿಗೆ ನಮ್ಮ ಕಡೆ ಒಬ್ಬ ಮಾವ ಇದ್ದರೆ? ಅವನು ಕೋಡಿ ನೋಡಿ ಕುಣಿದು ಬಂದು, ರಜೆಗೆ ಮಾವನ ಮನೆಗೆ ಹೋದರೆ?

ಕೆರೆ ದಂಡೆ, ದಾವಣಗೆರೆ

ಅಣ್ಣ, ಇದನ್ನು ಓದಿ ಎದ್ದು ನಿಂತುಬಿಟ್ಟೆ. ಆರನೇ ಅಧ್ಯಾಯ ಸಿಕ್ಕಿತು. ಒಂದೇ ನೀರು, ಎರಡು ಊರು. ನಾನು ಒಂದು ದಂಡೆಯಲ್ಲಿ ನಿಂತು ಬರೆಯುತ್ತಿದ್ದೆ. ಮುಂದಿನ ಭಾನುವಾರ ಬಸ್ ಹತ್ತುತ್ತೇನೆ, ಆ ತೋಟಗಳನ್ನು ಕಣ್ಣಾರೆ ನೋಡಬೇಕು.

ಮಂಡಕ್ಕಿ ಕಥೆಯನ್ನು ಸದ್ಯಕ್ಕೆ ಇಡುತ್ತೇನೆ. ಹೇಳಲು ಸಂಕಟ ಆಗುತ್ತದೆ. ಮೂರು ಸಲ ಬೆಳಗಿನ ಜಾವ ಭಟ್ಟಿಗೆ ಹೋಗಿ ಕೂತಿದ್ದೆ. ಉಪ್ಪುನೀರು ಹಾಕಿ ಒಣಗಿಸಿದ ಅಕ್ಕಿ ಕಾದ ಮರಳಿಗೆ ಬಿದ್ದ ಕೂಡಲೇ ಚಟಪಟ ಅಂತ ಅರಳುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಜರಡಿಗೆ ಎತ್ತಬೇಕು, ತಡ ಆದರೆ ಕೆಂಪಗಾಗುತ್ತದೆ. ಅಲ್ಲಿನ ಅಜ್ಜಿಯೊಬ್ಬರು ಮರಳು ಕಾದಿದೆಯಾ ಅಂತ ನೋಡಲು ನಾಲ್ಕೇ ಕಾಳು ಹಾಕಿ ಸದ್ದು ಕೇಳುತ್ತಿದ್ದರು. ಆ ಸದ್ದನ್ನು ಬರೆಯಬೇಕು. ಮರೆಯದ ಹಾಗೆ ಟಿಪ್ಪಣಿಯನ್ನೆಲ್ಲ ಒಂದು ಬಟ್ಟೆ ಚೀಲಕ್ಕೆ ಹಾಕಿ ಗೋಡೆಯ ಮೊಳೆಗೆ ತೂಗುಹಾಕಿದ್ದೇನೆ. ಸಾಗರದ ಕಥೆಯ ಕೊನೇ ಪುಟ ಆದ ದಿನ ಅದನ್ನು ಇಳಿಸುತ್ತೇನೆ.

ಪದ್ಯದ ಬಗ್ಗೆ ಅಕ್ಕ ಹೇಳಿದ್ದು ಸರಿ. ಪದ್ಯ ಬರೆದ ದಿನ ಕಥೆಯಲ್ಲೂ ಪ್ರಾಸ ನುಗ್ಗುತ್ತಿತ್ತು. ಇನ್ನು ಮೇಲೆ ಪದ್ಯಕ್ಕೆ ಸಂಜೆ ಕುಂದವಾಡ ಕೆರೆಯ ಸುತ್ತು ಮಾತ್ರ. ಮನೆಗೆ ಬರುವ ತನಕ ಬಾಯಲ್ಲಿ ಉಳಿದದ್ದು ಪದ್ಯ, ಮರೆತುಹೋದದ್ದು ಮಕ್ಕಳಿಗೂ ನೆನಪಿರುವುದಿಲ್ಲ.

ಪುಸ್ತಕದ ಕಪಾಟು, ಚಿತ್ರದುರ್ಗ

ನಾನು ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಕಾಗದಪತ್ರದ ಕೆಲಸವನ್ನು ಬರಹಗಾರರು ಕೊನೇ ವಾರಕ್ಕೆ ಇಟ್ಟುಕೊಳ್ಳುತ್ತಾರೆ, ಆಗ ಎರಡು ಪುಸ್ತಕದ ಅರ್ಜಿ ಅದಲು ಬದಲು ಆಗುತ್ತದೆ.

ಐಎಸ್‌ಬಿಎನ್‌ಗೆ (ಪುಸ್ತಕದ ಗುರುತಿನ ಸಂಖ್ಯೆಗೆ) ದುಡ್ಡು ಕೊಡಬೇಕಿಲ್ಲ. ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಸಂಸ್ಥೆಯ ಮೂಲಕ ಆನ್‌ಲೈನಿನಲ್ಲಿ ಉಚಿತವಾಗಿ ಕೊಡುತ್ತಾರೆ. ಚಿತ್ರಕ್ಕೆ ಬಣ್ಣ ಶುರುವಾದಾಗಲೇ ಅರ್ಜಿ ಹಾಕಿ, ಪುಸ್ತಕ ಕಟ್ಟುವ ಹೊತ್ತಿಗೆ ಸಂಖ್ಯೆ ಕೈಯಲ್ಲಿರಲಿ. ನಿಮ್ಮ ಮರುಮುದ್ರಣದಲ್ಲಿ ಬರೀ ಅಕ್ಷರದೋಷ ತಿದ್ದಿದ್ದರೆ ಹಳೇ ಸಂಖ್ಯೆಯೇ ಸಾಕು. ಕಥೆಯನ್ನೇ ಬದಲಾಯಿಸಿ ಹೊಸ ಆವೃತ್ತಿ ಮಾಡಿದರೆ ಹೊಸದು ಬೇಕು.

ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಪ್ರಥಮ ಮುದ್ರಣದ ವರ್ಷ ನೋಡುತ್ತಾರೆ. ಅದಕ್ಕೆ ಡಿಸೆಂಬರ್ ಕೊನೆಗೆ ಬರುವ ಪುಸ್ತಕವನ್ನು ಯಾವ ವರ್ಷಕ್ಕೆ ಸೇರಿಸುತ್ತೀರಿ ಅಂತ ಮೊದಲೇ ಯೋಚಿಸಿ. 1954ರ ಕಾಯ್ದೆ ಪ್ರಕಾರ ಪುಸ್ತಕ ಬಂದ 30 ದಿನದಲ್ಲಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಪ್ರತಿ ಕಳಿಸಬೇಕು. ಸ್ವಂತವಾಗಿ ಪ್ರಕಟಿಸುವವರು ಇದನ್ನು ಮರೆತೇಬಿಡುತ್ತಾರೆ. ನೂರು ವರ್ಷ ಆದಮೇಲೆ ಯಾರಾದರೂ ನಮ್ಮ ಜಿಲ್ಲೆಯ ಮಕ್ಕಳ ಪುಸ್ತಕ ಹುಡುಕಿದರೆ ಅಲ್ಲಿ ಸಿಗಬೇಕಲ್ಲವಾ?

ಓದುಗರಿಗೆ ಕಳಿಸಲು ಅಂಚೆಯ ಜ್ಞಾನ ಪೋಸ್ಟ್ ನೋಡಿ. 2025ರ ಮೇ 1ರಿಂದ ಶುರುವಾಗಿದೆ. ಶುರುವಾದಾಗ 300 ಗ್ರಾಂವರೆಗೆ 20 ರೂಪಾಯಿ, ಮೇಲೆ ತೆರಿಗೆ. ತೆಳು ಪುಸ್ತಕ ಒಂದೆರಡು ಅದರಲ್ಲೇ ಹೋಗುತ್ತವೆ.

ಚಳ್ಳಕೆರೆ ಮೇಷ್ಟ್ರು

ತಡವಾಗಿ ಬಂದೆ, ಕ್ಷಮಿಸಿ. ನಾನು ನಲಿಕಲಿ ತರಗತಿಯ ಶಿಕ್ಷಕ.

ಒಂದು ಮಾತು ಯಾರೂ ಹೇಳಲಿಲ್ಲ. ಇಷ್ಟು ಕೆಲಸದ ನಡುವೆ ಬರಹವನ್ನು ಮಕ್ಕಳ ಮುಂದೆ ಓದಲು ದಿನ ಇಟ್ಟುಕೊಂಡಿದ್ದೀರಾ? ಮಾರ್ಚ್‌ನಲ್ಲಿ ಬರಬೇಡಿ, ಅಕ್ಟೋಬರ್‌ನಲ್ಲಿ ದಸರಾ ರಜೆ. ಜುಲೈ, ಆಗಸ್ಟ್ ಒಳ್ಳೆಯದು. ಪೆನ್ಸಿಲ್ ಚಿತ್ರ ಇರುವಾಗಲೇ ಹಾಳೆ ಮಡಿಸಿ ಒಂದು ಡಮ್ಮಿ ಮಾಡಿ ತನ್ನಿ. ಆರು ಎ4 ಹಾಳೆ ನಡುವೆ ಮಡಿಸಿದರೆ 24 ಪುಟ ಆಯಿತು. ಪುಟ ತಿರುವುವಾಗ ಮಗು ಎಲ್ಲಿ ತಡೆಯುತ್ತದೆ, ಎಲ್ಲಿ ಓಡುತ್ತದೆ ಅಂತ ಕಾಣುತ್ತದೆ.

ಒತ್ತಕ್ಷರಕ್ಕೆ ಜಾಸ್ತಿ ಹೆದರಬೇಡಿ. ನಮ್ಮ ಮಕ್ಕಳು "ಮಂಡಕ್ಕಿ" ಅನ್ನುವುದನ್ನು ಥಟ್ಟನೆ ಓದುತ್ತಾರೆ. "ಸರಸಿ" ಅಂದರೆ ಒಂದೂ ಒತ್ತಕ್ಷರ ಇಲ್ಲ, ಆದರೂ ನಿಲ್ಲುತ್ತಾರೆ. ಮೊದಲನೆಯದು ದಿನಾ ಬಾಯಲ್ಲಿರುವುದು, ಎರಡನೆಯದು ಕೇಳಿಯೇ ಇಲ್ಲ.

ಕೊಂಡುಕುರಿ ಕಥೆಯನ್ನು ಕಳಿಸುತ್ತೀರಾ?

ಕೆರೆ ದಂಡೆ, ದಾವಣಗೆರೆ

ಐದು ವಾರ ಆಯಿತು, ಏನಾಯಿತು ಅಂತ ಹೇಳಲು ಬಂದೆ.

ಮರುಮುದ್ರಣ ಮುಗಿಯಿತು. ಅಚ್ಚುಮೊಳೆ ಸರ್ ಹೇಳಿದ ಹಾಗೆ ಹಿಂದಿನಿಂದ ಓದಿದೆ. ಅನುಸ್ವಾರದ ಜಾಗದಲ್ಲಿ ಹನ್ನೊಂದು ಸೊನ್ನೆ ಸಿಕ್ಕವು. ಸಾಗರದ ಕಥೆ ಎಂಟನೇ ಅಧ್ಯಾಯದಲ್ಲಿದೆ. ಪದ್ಯ 22. ಮಂಡಕ್ಕಿ ಚೀಲ ಮೊಳೆಯಲ್ಲೇ ಇದೆ.

ಕೊಂಡುಕುರಿಯ ಹೊಸ ಪೆನ್ಸಿಲ್ ಚಿತ್ರ ಬಂದವು. ಆ ದಿನ ಬೇರೆ ಯಾವ ಪುಸ್ತಕವನ್ನೂ ಮುಟ್ಟಲಿಲ್ಲ. ಕೊಂಬು ಹೋದಮೇಲೆ ಕಥೆಯೂ ಬದಲಾಯಿತು. ಮೊದಲು ಮರಿ ಕೊಂಬು ನೋಡಿ ಅಮ್ಮನನ್ನು ಗುರುತಿಸುತ್ತಿತ್ತು. ಈಗ ಅದು ಅಮ್ಮನ ಹಣೆಗೆ ತನ್ನ ಹಣೆ ಒತ್ತುತ್ತದೆ. ಅಲ್ಲಿ ಏನೂ ಚುಚ್ಚುವುದಿಲ್ಲ, ಅದಕ್ಕೇ ಅಮ್ಮ ಅಂತ ಗೊತ್ತಾಗುತ್ತದೆ.

ಮೊನ್ನೆ ಡಮ್ಮಿ ಹಿಡಿದು ಚಳ್ಳಕೆರೆಗೆ ಹೋಗಿದ್ದೆ. ಆ ಪುಟ ಬಂದಾಗ ಮುಂದೆ ಕೂತಿದ್ದ ಇಬ್ಬರು ಹುಡುಗಿಯರು ಹಣೆಗೆ ಹಣೆ ತಾಗಿಸಿಕೊಂಡರು. ಹಿಂದಿನಿಂದ ಒಬ್ಬ ಹುಡುಗ ಕೇಳಿದ: "ಕೊಂಬಿಲ್ಲ ಅಂದರೆ ಚಿರತೆ ಬಂದಾಗ ಅಮ್ಮ ಏನು ಮಾಡುತ್ತಾಳೆ?" ನಿಜಕ್ಕೂ ಅದು ಹುಲ್ಲಿನಲ್ಲಿ ಅಲುಗಾಡದೆ ನಿಲ್ಲುತ್ತದೆ, ಇಲ್ಲವೇ ಜಿಗಿಯುತ್ತಾ ಓಡುತ್ತದೆ. ನನ್ನ ಪುಸ್ತಕದಲ್ಲಿ ಆ ಪುಟ ಇಲ್ಲ. 24ರ ಮೇಲೆ ಒಂದು ಪುಟ ಸೇರಿಸುವ ಹಾಗಿಲ್ಲ, ಅದಕ್ಕೆ ಹಳ್ಳದ ಪುಟ ತೆಗೆಯುತ್ತಿದ್ದೇನೆ. ಬಣ್ಣದ ಡಬ್ಬಿ ತಂಗಿ, ಹುಲ್ಲಿನಲ್ಲಿ ನಿಂತ ತಾಯಿಯ ಕಿವಿ ಮುಂದಕ್ಕೆ ತಿರುಗಿರಬೇಕಾ, ಪಕ್ಕಕ್ಕಾ? ಚಿತ್ರ ಬರೆಯುವ ಹುಡುಗ ನಾಳೆ ಬೆಳಗ್ಗೆ ಪೆನ್ಸಿಲ್ ಶುರು ಮಾಡುತ್ತಾನೆ.